ಗಾಜಿನೊಳಗಿನ ಕುರ್ಚಿ

ತ್ಯಾಗರಾಜನಗರ, ಬೆಂಗಳೂರು
೧೨ ಜೂನ್ ೧೯೬೧

ತುಮಕೂರಿನ ಶ್ರೀಮತಿ ಅಮ್ಮಣ್ಣಿಯವರಿಗೆ ಶರಣು.

ನಾನು ಲಿಂಗೈಕ್ಯ ಏಕಾಂತಯ್ಯನವರ ಪತ್ನಿ ಸರ್ವಮಂಗಳಾ. ಬೆಂಗಳೂರಿನಲ್ಲಿ ನಮ್ಮ ಜನರ ಯಾವ ದೊಡ್ಡ ಮನೆಗೆ ಹೋದರೂ ಪಡಸಾಲೆಯ ಗೋಡೆಯ ಮೇಲೆ ನಮ್ಮ ಯಜಮಾನರು ತೆಗೆದ ಪಟ ಒಂದಾದರೂ ಇರುತ್ತದೆ. ಹಿರಿಯರು ಲಿಂಗೈಕ್ಯರಾದಾಗ ಅವರನ್ನು ಕೂರಿಸಿ, ವಿಭೂತಿ ಧರಿಸಿ, ಸಮಾಧಿಗೆ ಒಯ್ಯುವ ಮುಂಚೆ ಕೊನೆಯ ಪಟ ತೆಗೆಯಲು ಇವರನ್ನೇ ಕರೆಯುತ್ತಿದ್ದರು. ನಾನು ಹೈಸ್ಕೂಲಿನವರೆಗೆ ಓದಿದವಳು. ಅವರು ಹೋದ ಮೇಲೆ ಹಳೇ ಕ್ಯಾಮರಾ ಲೆನ್ಸುಗಳನ್ನು ಬಿಚ್ಚಿ ಶುಚಿ ಮಾಡುವ ಕೆಲಸವನ್ನು ಮನೆಯಲ್ಲೇ ನಡೆಸುತ್ತಿದ್ದೇನೆ. ಗಾಂಧಿ ಬಜಾರಿನ ಸ್ಟುಡಿಯೋ ಗುಂಡಣ್ಣನವರಿಂದ ಹಿಡಿದು ದಂಡು ಪ್ರದೇಶದ ಸ್ಟುಡಿಯೋಗಳವರೆಗೆ ಎಲ್ಲರ ಲೆನ್ಸುಗಳೂ ನನ್ನ ಕೈಗೇ ಬರುತ್ತವೆ. ಜಂಬಕ್ಕೆ ಹೇಳುತ್ತಿಲ್ಲ. ಯಾರ ಮನೆಯ ಹುಡುಗಿಯ ಪಟವನ್ನು ವಾಪಸು ಕಳಿಸಿದಿರಿ ಎಂಬುದು ತಮಗೆ ತಿಳಿದಿರಲಿ ಎಂದು ಹೇಳುತ್ತಿದ್ದೇನೆ.

"ಹುಡುಗಿ ಲಕ್ಷಣವಾಗಿದ್ದಾಳೆ. ಆದರೆ ಪಕ್ಕದಲ್ಲಿ ಕೂತಿರುವವರು ಯಾರು?" ಎಂದು ಕೇಳಿದ್ದೀರಿ. ಯಾರೂ ಇಲ್ಲ. ಜಯದೇವಿಯ ಪಟ ತೆಗೆದವಳು ನಾನೇ. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಲೆನ್ಸಿನೊಳಗೆ ಬೂಷ್ಟು ಹಿಡಿದರೆ ಪಟದಲ್ಲಿ ಬೆಳ್ಳಗೆ ಮಬ್ಬು ಬೀಳುತ್ತದೆ. ತಾವು ಕಂಡದ್ದು ಅದನ್ನೇ.

ದೀಪಾವಳಿಯೊಳಗೆ ಸರಿಯಾದ ಪಟ ಬರದಿದ್ದರೆ ಚಿ. ಗೌರೀಶಂಕರನಿಗೆ ಬೇರೆ ಕಡೆ ಹೆಣ್ಣು ನೋಡುತ್ತೇವೆ ಎಂದೂ ಬರೆದಿದ್ದೀರಿ. ಅಲ್ಲಿಯವರೆಗೆ ಕಾಯಿಸುವ ಮನೆ ನಮ್ಮದಲ್ಲ.

ಇಂತು,
ಸರ್ವಮಂಗಳಾ ಏಕಾಂತಯ್ಯ


ತ್ಯಾಗರಾಜನಗರ
೨ ಜುಲೈ ೧೯೬೧

ಚಿ. ಸೌ. ಕಮಲಾದೇವಿಗೆ ಆಶೀರ್ವಾದ.

ದಾವಣಗೆರೆಯಲ್ಲಿ ಅಳಿಯಂದಿರೂ ಮಗುವೂ ಕ್ಷೇಮವೆಂದು ತಿಳಿದಿದ್ದೇನೆ. ನಿನ್ನಿಂದ ಕಾಗದವಿಲ್ಲ. ಇರಲಿ.

ತುಮಕೂರಿನವರು ನಿನ್ನ ತಂಗಿಯ ಪಟ ವಾಪಸು ಕಳಿಸಿದ್ದು ನಿನಗೆ ಗೊತ್ತಿರಬೇಕು. ನಿಮ್ಮಪ್ಪನ ದೊಡ್ಡ ಹಿತ್ತಾಳೆ ಲೆನ್ಸಿನಲ್ಲಿ ತೆಗೆದದ್ದು. ಸ್ಟುಡಿಯೋ ಮುಚ್ಚಿದಾಗ ಉಳಿದ ಲೆನ್ಸುಗಳೆಲ್ಲ ಮಾರಿಹೋದವು. ಹೆಣಗಳ ಪಟ ತೆಗೆದದ್ದು ಎಂದು ಇದನ್ನು ಯಾರೂ ಕೊಳ್ಳಲಿಲ್ಲ. ಗಾಜಿಗೆ ಹೆಣವೇನು, ಮದುಮಗಳೇನು.

ಕಳೆದ ವಾರ ಬಿಚ್ಚಿದೆ. ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿ, ಬಾಗಿಲು ಹಾಕಿ, ಒಗೆದ ಪಂಚೆ ಹಾಸಿ ಕೂತೆ. ಹಿಂದಿನ ಉಂಗುರ ಬಿಗಿದುಕೊಂಡಿತ್ತು. ಒಂದು ತೊಟ್ಟು ಸೀಮೆಎಣ್ಣೆ ಬಿಟ್ಟು ಕಾದ ಮೇಲೆ ಸದ್ದಿಲ್ಲದೆ ತಿರುಗಿತು. ಹಿಂದಿನ ಎರಡು ಗಾಜುಗಳ ನಡುವೆ ಬೂಷ್ಟು ಜೇಡರ ಬಲೆಯಂತೆ ಹಬ್ಬಿತ್ತು. ಯಾವ ಮುಖ ಮುಂದೆ, ಯಾವುದು ಹಿಂದೆ ಎಂದು ಅಂಚಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಸ್ಪಿರಿಟ್ಟಿನಲ್ಲಿ ಒರೆಸಿ, ಹಾಗೇ ಜೋಡಿಸಿದೆ. ಮುಂದಿನ ಅಂಟಿಸಿದ ಜೋಡಿ ಗಾಜನ್ನು ಮುಟ್ಟಲಿಲ್ಲ.

ಜಯದೇವಿಯನ್ನು ಮತ್ತೆ ನಿಲ್ಲಿಸಿ ಗಾಜಿನ ಪ್ಲೇಟಿನ ಮೇಲೆ ಪಟ ತೆಗೆದೆ. ಮಬ್ಬು ಹೋಗಿದೆ. ಎಲ್ಲ ಕಡೆ ಹೋಗಿದೆ. ಅವಳ ಬಲಗಡೆ ಮಾತ್ರ ಉಳಿದದ್ದು ಒಂದು ಆಕಾರ ಪಡೆದಿದೆ. ಕುರ್ಚಿ. ಕುರ್ಚಿಯಲ್ಲಿ ಯಾರೋ.

ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿ ನಿನ್ನ ತಂಗಿ, "ಅವ್ವ, ಪರವಾಗಿಲ್ಲ ಕಳ್ಸಿಬಿಡಿ. ಹುಡುಗಿ ಜೊತೆಗೆ ಒಬ್ಬ ಯಜಮಾನರೂ ಬರ್ತಾರೆ, ಮನೆ ಕಾಯೋಕೆ ಆಯ್ತು ಅಂದ್ಕೊಳ್ಲಿ" ಎಂದಳು. ಎರಡು ಬಿಗಿಯೋಣ ಅನ್ನಿಸಿತು.

ನೀನು ನಿಮ್ಮಪ್ಪನ ಹತ್ತಿರ ಕೂತು ಕೆಲಸ ಕಲಿತವಳು. ನಾನು ನಿನ್ನನ್ನು ಕೇಳುತ್ತಿದ್ದೇನೆ ಎಂದುಕೊಳ್ಳಬೇಡ. ಈ ಲೆನ್ಸಿನ ವಿಷಯ ಅವರು ಏನಾದರೂ ಹೇಳಿದ್ದರೆ ತಿಳಿಸು.

ನಿನ್ನ ತಾಯಿ,
ಸರ್ವಮಂಗಳಾ


ದಾವಣಗೆರೆ
೧೪ ಜುಲೈ ೧೯೬೧

ಪೂಜ್ಯ ಅವ್ವನವರಿಗೆ ಕಮಲಳ ಶರಣು.

ಇಲ್ಲಿ ಎಲ್ಲರೂ ಕ್ಷೇಮ. ಮಗು ನಡೆಯುವುದನ್ನು ಕಲಿತಿದೆ. ಕಾಗದ ಬರೆಯದಿದ್ದುದಕ್ಕೆ ಕಾರಣವೇನೂ ಇಲ್ಲ.

ನೀವು ಕೇಳಿದ್ದಕ್ಕೆ ಹೇಳುತ್ತೇನೆ. ಉಳಿದ ಎಲ್ಲ ಲೆನ್ಸುಗಳನ್ನೂ ಅಪ್ಪ ನನ್ನ ಕೈಯಲ್ಲಿ ಬಿಚ್ಚಿಸಿದರು. ಇದನ್ನು ಮಾತ್ರ ಬಿಚ್ಚಿಸಲಿಲ್ಲ. "ಇದನ್ನ ಮೇಲ್ಮೇಲೆ ಒರ್ಸು, ಸಾಕು. ಮುಂದಿನ ಜೋಡಿ ಗಾಜು ಬಿಡಿಸ್ಬೇಡ ಮಗಳೆ" ಎನ್ನುತ್ತಿದ್ದರು. "ಅಂಟು ಹಳದಿಯಾಗಿದೆಯಲ್ಲ ಅಪ್ಪ, ಮಬ್ಬಾಗಿದೆ" ಎಂದು ಒಮ್ಮೆ ಹೇಳಿದೆ. ಅದಕ್ಕೆ ಅವರು, "ಮಬ್ಬಿರ್ಲಿ. ಇದು ಕೂತೋರನ್ನ ಮರೆಯೋ ಗಾಜಲ್ಲ" ಎಂದರು. ನಗುತ್ತಲೇ ಹೇಳಿದರು. ಆದರೆ ಲೆನ್ಸನ್ನು ನನ್ನ ಕೈಯಿಂದ ತೆಗೆದುಕೊಂಡುಬಿಟ್ಟರು.

ಅವ್ವ, ಜಯದೇವಿಯನ್ನು ಗುಂಡಣ್ಣನವರ ಸ್ಟುಡಿಯೋಗೆ ಕರೆದುಕೊಂಡು ಹೋಗಿ. ಅರ್ಧ ಗಂಟೆಯ ಕೆಲಸ. ನಿಮಗೆ ಕೋಪ ಬರುತ್ತದೆ, ಗೊತ್ತು. ಆದರೂ ಹೇಳುತ್ತಿದ್ದೇನೆ.

ನಿಮ್ಮ ಮಗಳು,
ಕಮಲ


ತ್ಯಾಗರಾಜನಗರ
೨೦ ಆಗಸ್ಟ್ ೧೯೬೧

ಚಿ. ಸೌ. ಕಮಲಾದೇವಿಗೆ ಆಶೀರ್ವಾದ.

ಏಕಾಂತಯ್ಯನವರ ಮಗಳು ಮದುವೆಯ ಪಟಕ್ಕೆ ಗುಂಡಣ್ಣನ ಪರದೆಯ ಮುಂದೆ ನಿಲ್ಲುವುದಿಲ್ಲ. ನಾಳೆ ಅವನೇ ಬಜಾರಿನಲ್ಲಿ, "ಅಮ್ಮೋರ ಮನೇಲಿ ಏನೋ ಇದೆ ಕಣ್ರಯ್ಯ, ಅದಕ್ಕೇ ನನ್ನ ಹತ್ರ ಬಂದ್ರು" ಎನ್ನುತ್ತಾನೆ. ಆ ಮಾತು ತುಮಕೂರಿಗೆ ಬಸ್ಸಿಗಿಂತ ಮುಂಚೆ ತಲುಪುತ್ತದೆ. ಆಮೇಲೆ ನಿನ್ನ ತಂಗಿಯನ್ನು ಸೊಸೆಯಾಗಿ ಯಾರು ತರುತ್ತಾರೆ?

ಇನ್ನೊಂದು ಮಾತು. ನಾವು ಲಿಂಗ ಕಟ್ಟಿದವರು. ನಮ್ಮಲ್ಲಿ ಸತ್ತವರಿಗೆ ಸೂತಕವಿಲ್ಲ, ಅಲೆದಾಟವಿಲ್ಲ. ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂತವರು ಕೂತ ಹಾಗೇ ಶಿವನಲ್ಲಿ ಒಂದಾಗುತ್ತಾರೆ. ನಿಮ್ಮಪ್ಪನಿಗೆ ಮಠದ ಅಯ್ಯನವರೇ ನಿಂತು ಎಲ್ಲ ಕ್ರಿಯೆ ಮಾಡಿಸಿದರು. ಆದ್ದರಿಂದ ಗಾಜಿನಲ್ಲಿ ಏನಿದ್ದರೂ ಅದು ಕೊಳೆ. ಕೊಳೆಯನ್ನು ತೆಗೆಯಲು ನನಗೆ ಬರುತ್ತದೆ.

ಜೋಡಿ ಗಾಜು ಬಿಡಿಸಿದೆ. ತಪ್ಪಲೆಯ ತಳಕ್ಕೆ ಬಟ್ಟೆ ಹಾಸಿ, ಗಾಜಿಟ್ಟು, ನೀರನ್ನು ಸಣ್ಣ ಉರಿಯಲ್ಲಿ ಕಾಯಿಸಿದೆ. ಅಂಟು ಕರಗಿ ಒಂದು ಗಾಜು ಇನ್ನೊಂದರ ಮೇಲಿಂದ ತಾನೇ ಜಾರಿತು. ಹಳೆಯ ಅಂಟನ್ನೆಲ್ಲ ಸ್ಪಿರಿಟ್ಟಿನಲ್ಲಿ ತೆಗೆದೆ. ಕೊನೆಗೆ ನಯವಾಗಿ ಸೋಸಿದ ವಿಭೂತಿಯಿಂದ ಉಜ್ಜಿದೆ. ಪೂಜೆಯ ಸಾಮಾನು ಹೊಳೆಯುವುದು ಅದರಿಂದಲೇ, ಗಾಜೇಕೆ ಹೊಳೆಯಬಾರದು? ಹೊಸ ಅಂಟು ಹಾಕಿ ಬಿಸಿಲಿಗಿಟ್ಟೆ. ಕೈಯಲ್ಲಿ ಹಿಡಿದರೆ ಗಾಜು ಇದೆಯೋ ಇಲ್ಲವೋ ತಿಳಿಯುವುದಿಲ್ಲ, ಅಷ್ಟು ಶುಭ್ರ.

ಮೂರನೆಯ ಪ್ಲೇಟು ತೊಳೆದು ಎತ್ತಿದಾಗ ಹಣೆಯ ಮೂರು ಗೆರೆ ಮೊದಲು ಕಂಡವು. ಆಮೇಲೆ ಮೂಗು. ಆಮೇಲೆ ಕಿವಿಯ ಒಂಟಿ.

ನಿಮ್ಮಪ್ಪ.

ಅವರ ಕೊನೆಯ ಪಟಕ್ಕೆ ಕೂರಿಸಿದ ಕೆತ್ತನೆಯ ತೋಳುಕುರ್ಚಿ. ಅದನ್ನು ಅವತ್ತೇ ಮಠಕ್ಕೆ ಕೊಟ್ಟುಬಿಟ್ಟಿದ್ದೇವೆ, ನಿನಗೆ ನೆನಪಿರಬೇಕು. ಕೋಣೆಯ ದೋಷವೇ ಎಂದು ನೋಡಲು ಕ್ಯಾಮರಾವನ್ನು ಹಿತ್ತಲಿಗೆ ಒಯ್ದು ಬಾವಿಯ ಕಡೆಗೆ ತಿರುಗಿಸಿ ಒಂದು ಪ್ಲೇಟು ತೆಗೆದೆ. ಬಾವಿಕಟ್ಟೆ, ಹಗ್ಗ, ಒಗೆದು ಹಾಕಿದ ಸೀರೆ. ಅದರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಅವರು ಕೂತಿದ್ದಾರೆ.

ಪಕ್ಕದ ಮನೆ ಮಂಗಮ್ಮ ಗೋಡೆಯ ಮೇಲಿಂದ, "ಏನ್ ಸರ್ವಮಂಗಳಮ್ಮ, ಬಾವಿಗೂ ಗಂಡು ನೋಡ್ತಿದ್ದೀರಾ?" ಎಂದಳು. ಕ್ಯಾಮರಾ ಎತ್ತಿಕೊಂಡು ಒಳಗೆ ಬಂದೆ.

ನಿನ್ನ ತಾಯಿ,
ಸರ್ವಮಂಗಳಾ


ದಾವಣಗೆರೆ
೨೯ ಆಗಸ್ಟ್ ೧೯೬೧

ಪೂಜ್ಯ ಅವ್ವನವರಿಗೆ ಶರಣು.

ನಿಮ್ಮ ಕಾಗದ ತಲುಪಿತು. ಮಗುವಿಗೆ ಕೆಮ್ಮು. ಹೆಚ್ಚು ಬರೆಯಲಾಗುತ್ತಿಲ್ಲ.

ಪ್ಲೇಟಿನಲ್ಲಿ ಅಪ್ಪನ ಎಡಗೈ ಕಾಣುತ್ತದೆಯೇ? ಅಷ್ಟು ಮಾತ್ರ ನೋಡಿ ತಿಳಿಸಿ.

ಕಮಲ


ತ್ಯಾಗರಾಜನಗರ
೬ ಸೆಪ್ಟೆಂಬರ್ ೧೯೬೧

ಕಮಲಾದೇವಿಗೆ,

ಕಾಣುತ್ತದೆ. ಭೂತಗನ್ನಡಿ ಹಿಡಿದು ನೋಡಿದೆ. ಎಡಗೈ ಮಡಿಲ ಮೇಲಿದೆ. ಅಂಗೈ ಮೇಲಕ್ಕೆ ತೆರೆದಿದೆ. ಅದರಲ್ಲಿ ಏನೂ ಇಲ್ಲ.

ಅಲ್ಲಿ ಲಿಂಗ ಇರಬೇಕಿತ್ತು.

ನಿಮ್ಮಪ್ಪ ಹೋದ ಆ ದಿನದ್ದು ನನಗೆ ಚೆನ್ನಾಗಿ ನೆನಪಿದೆ. "ಅಪ್ಪನ ಪಟ ನಾನೇ ತೆಗೀತೀನಿ, ಬೇರೆಯೋರು ಬೇಡ" ಎಂದು ನೀನು ಹಟ ಹಿಡಿದೆ. ಬಸುರಿ ಹೆಂಗಸು ಬೇಡ ಎಂದು ನಾಲ್ಕು ಜನ ಹೇಳಿದರು. ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ ಎಂದು ಅವರ ಬಾಯಿ ಮುಚ್ಚಿಸಿದವಳು ನಾನು. ನೀನು ಕರಿಬಟ್ಟೆಯೊಳಗೆ ತಲೆ ಹಾಕಿ ನೋಡಿ, "ಲಿಂಗದ ಮೇಲೆ ಕಿಟಕಿ ಬೆಳಕು ಹೊಳೀತಿದೆ, ಮುಖ ಸರಿಯಾಗಿ ಬರಲ್ಲ, ಒಂದು ಕ್ಷಣ ಪಕ್ಕಕ್ಕಿಡ್ತೀನಿ" ಎಂದೆ. ಅಯ್ಯನವರು ಹೂಂ ಎಂದರು. ಪಟ ತೆಗೆಯುವಾಗ ಹೀಗೆ ಎತ್ತಿಟ್ಟು ಮತ್ತೆ ಇಡುವುದು ನಿಮ್ಮಪ್ಪನ ಕಾಲದಿಂದ ನಡೆದುಬಂದದ್ದೇ. ಎಷ್ಟೋ ಮನೆಗಳಲ್ಲಿ ನಡೆದಿದೆ. ಆಮೇಲೆ ಹೊರಗಿನಿಂದ ವಾದ್ಯದ ಸದ್ದು ಬಂತು, ಜನ ಒಳಗೆ ನುಗ್ಗಿದರು, ಎತ್ತಿದರು. ಸಾರಕ್ಕಿ ತೋಟದಲ್ಲಿ ಸಮಾಧಿಗೆ ಇಳಿಸಿದಾಗ ಅಂಗೈಗೆ ಬಟ್ಟೆ ಸುತ್ತಿತ್ತು. ಒಳಗೆ ಲಿಂಗವಿದೆ ಎಂದೇ ಎಲ್ಲರೂ ತಿಳಿದೆವು. ಬಟ್ಟೆ ಸುತ್ತಿದವಳು ನೀನು.

ನಾನು ಏನನ್ನೂ ಕೇಳುತ್ತಿಲ್ಲ. ಕಂಡದ್ದನ್ನು ಬರೆದಿದ್ದೇನೆ.

ಸರ್ವಮಂಗಳಾ


ತ್ಯಾಗರಾಜನಗರ
೨೮ ಸೆಪ್ಟೆಂಬರ್ ೧೯೬೧

ಅಕ್ಕನಿಗೆ ಜಯದೇವಿಯ ಶರಣು.

ಅವ್ವನಿಗೆ ತಿಳಿಯದಂತೆ ಬರೆಯುತ್ತಿದ್ದೇನೆ. ನೀನು ಕಾಗದ ಬರೆದು ಎಷ್ಟು ದಿನವಾಯಿತು? ಟಪಾಲಿನವನು ಬಂದರೆ ಅವ್ವ ಎದ್ದು ಬಾಗಿಲಿಗೆ ಬರುವುದಿಲ್ಲ, ಆದರೆ ಕಿವಿಯೆಲ್ಲ ಅಲ್ಲೇ ಇರುತ್ತದೆ.

ಅವ್ವ ಆ ಲೆನ್ಸನ್ನು ಮತ್ತೆ ಮತ್ತೆ ಬಿಚ್ಚುತ್ತಾರೆ. ಈಗ ಒರೆಸಲು ಅದರಲ್ಲಿ ಏನೂ ಇಲ್ಲ. ಆದರೂ ಒರೆಸುತ್ತಾರೆ. ಗುಂಡಣ್ಣನವರು ಕೊಟ್ಟ ಲೆನ್ಸುಗಳು ಹಾಗೇ ಬಿದ್ದಿವೆ. ಮೊನ್ನೆ ಅವರು ಬಂದು, "ಏನಮ್ಮೋರೆ, ನಮ್ಮ ಗಾಜುಗಳ ಮೇಲೆ ಮುನಿಸಾ?" ಎಂದರೆ, "ತಾಳ್ಮೆ ಇಲ್ಲದಿದ್ರೆ ತಗೊಂಡ್ಹೋಗಿ" ಎಂದುಬಿಟ್ಟರು. ಅಡುಗೆಮನೆಯಲ್ಲಿ ಎರಡು ತಟ್ಟೆ ಹಾಕುವ ಕಡೆ ಮೂರು ಹಾಕುತ್ತಾರೆ. "ಯಾರಿಗವ್ವ ಇದು?" ಎಂದರೆ ಒಂದನ್ನು ತೆಗೆದಿಡುತ್ತಾರೆ.

ನಿನ್ನೆ ಮಧ್ಯಾಹ್ನ ಪ್ಲೇಟುಗಳನ್ನು ಕಿಟಕಿಗೆ ಸಾಲಾಗಿ ನಿಲ್ಲಿಸಿ ಕೂತಿದ್ದರು. "ನೋಡೇ, ಮೊದಲನೇದ್ರಲ್ಲಿ ಕೈ ಮಡಿಲಲ್ಲಿದೆ. ಇದ್ರಲ್ಲಿ ಮೊಣಕಾಲಿಗೆ ಬಂದಿದೆ. ಇದ್ರಲ್ಲಿ ಮುಂದಕ್ಕೆ ಚಾಚಿದೆ. ಬೇಡ್ತಾ ಇದಾರೆ ಕಣೆ. ಜೀವಮಾನದಲ್ಲಿ ಯಾರನ್ನೂ ಏನೂ ಬೇಡದ ಮನುಷ್ಯ" ಎಂದರು. ನಾನು ನೋಡಿದೆ. ಅವ್ವ ಹೇಳಿದ್ದು ನಿಜ.

ಅಕ್ಕ, ನನಗೆ ತುಮಕೂರಿನ ಸಂಬಂಧ ಬೇಕು. ಹೋದ ವರ್ಷ ಸಿದ್ಧಗಂಗೆಯ ಜಾತ್ರೆಯಲ್ಲಿ ಅವರನ್ನು ನೋಡಿದ್ದೇನೆ. ಅವರೂ ನೋಡಿದ್ದಾರೆ. ಇದನ್ನು ಅವ್ವನಿಗೆ ಹೇಳಲಾರೆ. ದೀಪಾವಳಿ ಹತ್ತಿರ ಬಂತು. ನಿನಗೆ ಏನಾದರೂ ಗೊತ್ತಿದ್ದರೆ ಅವ್ವನಿಗೆ ಬರೆ.

ನಿನ್ನ ತಂಗಿ,
ಜಯ


ದಾವಣಗೆರೆ
೫ ಅಕ್ಟೋಬರ್ ೧೯೬೧

ಪೂಜ್ಯ ಅವ್ವನವರಿಗೆ ಶರಣು.

ನಿಮ್ಮ ಅಳಿಯಂದಿರ ಕೈಯಲ್ಲಿ ಒಂದು ಕರಡಿಗೆ ಕಳಿಸಿದ್ದೇನೆ. ಒಳಗೆ ಏನಿದೆ ಎಂದು ಅವರಿಗೆ ಹೇಳಿಲ್ಲ.

ಅಪ್ಪನ ಅಂಗೈ ಎಷ್ಟು ತಣ್ಣಗಿತ್ತೋ ಆ ಲಿಂಗ ಅಷ್ಟೇ ಬೆಚ್ಚಗಿತ್ತು. ಇಡಲು ಕೈ ಬರಲಿಲ್ಲ, ಅವ್ವ.

ಕಮಲ


ತ್ಯಾಗರಾಜನಗರ
೩೦ ಅಕ್ಟೋಬರ್ ೧೯೬೧

ಚಿ. ಸೌ. ಕಮಲಾದೇವಿಗೆ ಆಶೀರ್ವಾದ.

ನೀನು ಕಳಿಸಿದ್ದು ತಲುಪಿತು. ಅದರ ಬಗ್ಗೆ ನೀನು ಬರೆದಷ್ಟೇ ಸಾಕು. ನಾನು ನಿನಗೆ ಏನನ್ನೂ ಹೇಳುವುದಿಲ್ಲ, ನೀನೂ ಇನ್ನು ಏನನ್ನೂ ಹೇಳಬೇಡ.

ಮಠಕ್ಕೆ ಹೋಗಿ ಅಯ್ಯನವರನ್ನು ಕಂಡೆ. ನಿಮ್ಮಪ್ಪನ ಸಮಾಧಿಯ ಗದ್ದುಗೆ ತೆಗೆಸಬೇಕು ಎಂದೆ. "ಮುಚ್ಚಿದ್ದನ್ನ ತೆಗೆಯೋ ಪದ್ಧತಿ ನಮ್ಮಲ್ಲಿ ಇಲ್ಲ ತಾಯಿ" ಎಂದರು. "ಲಿಂಗವಿಲ್ಲದೆ ಮುಚ್ಚೋ ಪದ್ಧತಿ ಇದೆಯೇ?" ಎಂದು ಕೇಳಿದೆ. "ನಾನೂ ಹೂಂ ಅಂದೋನೇ. ಬರ್ತೀನಿ ನಡೀರಿ" ಎಂದು ಎದ್ದರು.

ಸೋಮವಾರ ಬೆಳಿಗ್ಗೆ ಸಾರಕ್ಕಿ ತೋಟದಲ್ಲಿ ಕಲ್ಲು ಸರಿಸಿ ಅಗೆದರು. ಅಗೆಯುವವರನ್ನು ಕೊನೆಗೆ ದೂರ ಕಳಿಸಿ ನಾನೇ ಕೆಳಗಿಳಿದೆ. ಮಣ್ಣು, ಉಪ್ಪು, ವಿಭೂತಿ ಎಲ್ಲ ಒಂದಾಗಿ ಗಟ್ಟಿಯಾಗಿತ್ತು. ಅವರನ್ನು ಹೇಗೆ ಕಂಡೆ ಎಂದು ಮಗಳಿಗೆ ಬರೆಯುವುದಿಲ್ಲ. ಒಂದು ಮಾತ್ರ ಹೇಳಬೇಕು. ಮಡಿಲಲ್ಲಿಟ್ಟು ಬಟ್ಟೆ ಸುತ್ತಿದ್ದ ಎಡಗೈ ಮಡಿಲಲ್ಲಿರಲಿಲ್ಲ. ಮುಂದಕ್ಕೆ ಬಂದಿತ್ತು. ಅಷ್ಟು ಮಣ್ಣಿನ ಭಾರದ ಕೆಳಗೆ. ನಾನು ಲಿಂಗವಿಟ್ಟೆ. ಅಯ್ಯನವರು ಮೇಲಿಂದ ಮಂತ್ರ ಹೇಳಿದರು. ಮುಚ್ಚಿದೆವು.

ಇನ್ನೇನು, ಎಲ್ಲ ಮುಗಿಯಿತು ಎಂದು ಮರುದಿನವೇ ಜಯದೇವಿಗೆ ಹಸಿರು ಇಳಕಲ್ ಸೀರೆ ಉಡಿಸಿ ನಿಲ್ಲಿಸಿದೆ. ಲೆನ್ಸಿನ ಮುಚ್ಚಳ ತೆಗೆಯುವ ಹೊತ್ತಿಗೆ ಅವಳು, "ಅವ್ವ, ಕಾಲು ನೋಯ್ತಿದೆ, ಕೂತ್ಕೊಂಡೇ ತೆಗೆಸ್ಕೊಳ್ಲಾ?" ಎಂದಳು.

"ಎಲ್ಲಿ ಕೂರ್ತೀಯೆ?"

ಅವಳು ಬಲಕ್ಕೆ ತಿರುಗಿ ನೋಡಿದಳು. ಆಮೇಲೆ ನಕ್ಕಳು. "ಅಯ್ಯೋ, ಇಲ್ಲೊಂದು ಕುರ್ಚಿ ಇತ್ತು ಅಂದ್ಕೊಂಡೆ."

ಪ್ಲೇಟು ತೊಳೆದೆ. ನಿಮ್ಮಪ್ಪ ಇಲ್ಲ. ಎಲ್ಲಿಯೂ ಇಲ್ಲ. ನನ್ನ ನಂಬಿಕೆ ಸುಳ್ಳಾಗಲಿಲ್ಲ ಎಂದು ಕಣ್ಣಲ್ಲಿ ನೀರು ಬಂತು. ಆಮೇಲೆ ಕುರ್ಚಿ ಕಂಡಿತು. ಖಾಲಿ ಕುರ್ಚಿ. ನಿನ್ನ ತಂಗಿಯ ಬಲಗೈ ಅದರ ತೋಳಿನ ಮೇಲಿದೆ. ಕೋಣೆಯಲ್ಲಿ ನಿಂತಾಗ ಅವಳ ಕೈ ಕೆಳಗೆ ಗಾಳಿಯಲ್ಲದೆ ಬೇರೇನೂ ಇರಲಿಲ್ಲ.

ಆ ಕುರ್ಚಿಯಲ್ಲಿ ಕೂತವರೆಲ್ಲ ಹೋದವರೇ ಎಂಬುದು ನಮ್ಮ ಮನೆಯವರಿಗೆ ಗೊತ್ತು. ಅದು ಇಷ್ಟು ದಿನ ತುಂಬಿತ್ತು, ಅದಕ್ಕೇ ಯಾರನ್ನೂ ಕರೆಯಲಿಲ್ಲ. ಅದನ್ನು ತೆರವು ಮಾಡಿಸಿದವಳು ನಾನು. ಅದು ಮೊದಲು ಕರೆದದ್ದು ನನ್ನ ಕಿರಿಯ ಮಗಳನ್ನು. ಲೆನ್ಸನ್ನು ಒಡೆದು ಹಾಕಬಹುದಿತ್ತು. ಕಲ್ಲು ಕೈಗೆತ್ತಿಕೊಂಡಿದ್ದೆ. ಒಡೆದರೆ ಖಾಲಿ ಕುರ್ಚಿ ಎಲ್ಲಿಗೆ ಹೋಗುತ್ತದೆ, ಯಾರ ಮನೆಯಲ್ಲಿ ಯಾರ ಪಕ್ಕಕ್ಕೆ ಬರುತ್ತದೆ? ನಿನ್ನ ಮನೆಯಲ್ಲೂ ಈಗ ನಡೆಯುವ ಮಗುವಿದೆ. ಕಲ್ಲನ್ನು ಕೆಳಗಿಟ್ಟೆ.

ಗುರುವಾರ ತಲೆಗೆ ನೀರು ಹಾಕಿಕೊಂಡು ಪೂಜೆ ಮುಗಿಸಿ, ವಿಭೂತಿ ಧರಿಸಿದೆ. ಕುರ್ಚಿ ಬೀಳುವ ಜಾಗದಲ್ಲಿ ಅಡುಗೆಮನೆಯ ಸ್ಟೂಲು ಹಾಕಿ ಕೂತೆ. ಎಡ ಅಂಗೈಯಲ್ಲಿ ನನ್ನ ಲಿಂಗ ಹಿಡಿದೆ. ಜಯದೇವಿಗೆ ಏನೂ ಹೇಳಲಿಲ್ಲ, ಅವಳು ಕರಿಬಟ್ಟೆಯೊಳಗಿಂದ, "ಅವ್ವ, ಲಿಂಗದ ಮೇಲೆ ಬೆಳಕು ಹೊಳೀತಿದೆ" ಎಂದಳು. "ಹೊಳೀಲಿ, ತೆಗಿ" ಎಂದೆ.

ಪ್ಲೇಟು ಚೆನ್ನಾಗಿ ಬಂದಿದೆ. ಸ್ಟೂಲು ಕಾಣುವುದಿಲ್ಲ. ನನ್ನ ಎರಡೂ ಕಡೆ ಕೆತ್ತನೆಯ ತೋಳುಗಳಿವೆ, ಬೆನ್ನ ಹಿಂದೆ ಒರಗು ಇದೆ.

ಅದಾದ ಮೇಲೆ ಜಯದೇವಿಯನ್ನು ನಿಲ್ಲಿಸಿ ಇನ್ನೊಂದು ತೆಗೆದೆ. ಅವಳು, ಹೂಕುಂಡ, ಪರದೆ. ಬೇರೇನೂ ಇಲ್ಲ. ಅದು ತುಮಕೂರಿಗೆ ಹೋಯಿತು. ಅಮ್ಮಣ್ಣಿಯವರಿಂದ ಉತ್ತರವೂ ಬಂತು, ಸಂಬಂಧ ಒಪ್ಪಿದ್ದಾರೆ, ಮಾಘದಲ್ಲಿ ಮದುವೆ. ನಾನಿರುವಷ್ಟರಲ್ಲಿ ಎಲ್ಲ ಮುಗಿಯಲಿ ಎಂದು ನಾನೇ ಅವಸರ ಮಾಡಿದ್ದೇನೆ.

ಲೆನ್ಸಿನ ಉಂಗುರಗಳಿಗೆ ಅರಗು ಹಾಕಿ ಮುಚ್ಚಿದ್ದೇನೆ. ಗುಂಡಣ್ಣನ ಲೆನ್ಸುಗಳನ್ನು ಶುಚಿ ಮಾಡಿ ಕೊಟ್ಟಾಯಿತು, ಹೊಸ ಕೆಲಸ ಹಿಡಿದಿಲ್ಲ. ಅಳಿಯಂದಿರನ್ನೂ ಮಗುವನ್ನೂ ಕರೆದುಕೊಂಡು ಮದುವೆಗೆ ಮುಂಚಿತವಾಗಿಯೇ ಬಾ. ನನ್ನ ಪಟಕ್ಕೆ ಕಟ್ಟು ಹಾಕಿಸಿ ಬೀರುವಿನಲ್ಲಿಟ್ಟಿದ್ದೇನೆ. ಬೇಕಾದಾಗ ನೀವು ಬೇರೆ ತೆಗೆಯುವ ಅಗತ್ಯವಿಲ್ಲ.

ನಿನ್ನ ತಾಯಿ,
ಸರ್ವಮಂಗಳಾ